ಪದವಿ ವಿದ್ಯಾರ್ಥಿಗೆ ಸಮ್ಮೇಳನದ ಖರ್ಚು ಎಲ್ಲಿಂದ?

ಗದಗಿನ ವಿದ್ಯಾರ್ಥಿನಿಯೊಬ್ಬರ ವಿನಂತಿ

ನಾನು ಗಣಿತ ಮತ್ತು ಗಣಕ ವಿಜ್ಞಾನ ವಿಷಯಗಳೊಂದಿಗೆ ಬಿ.ಎಸ್‌ಸಿ. ಅಂತಿಮ ವರ್ಷದಲ್ಲಿದ್ದೇನೆ. ಬೇಸಿಗೆ ರಜೆಯಲ್ಲಿ ಮಾಡಿದ ಪ್ರಾಜೆಕ್ಟನ್ನು ಚೆನ್ನೈನ ಸಮ್ಮೇಳನವೊಂದರಲ್ಲಿ ಪೋಸ್ಟರ್ ರೂಪದಲ್ಲಿ ಮಂಡಿಸಲು ಒಪ್ಪಿಗೆ ಬಂದಿದೆ. ನೋಂದಣಿ ಶುಲ್ಕ, ಪ್ರಯಾಣ, ವಸತಿ ಎಲ್ಲವನ್ನೂ ಮನೆಯವರ ಮೇಲೆ ಹಾಕಲು ಮನಸ್ಸಿಲ್ಲ. ನೆರವೆಲ್ಲ ಪಿಎಚ್.ಡಿ. ಮಾಡುವವರಿಗೇ ಎಂದು ಸುತ್ತಲಿನವರು ಹೇಳುತ್ತಾರೆ. ಪದವಿ ಹಂತದಲ್ಲಿಯೇ ಹೋಗಿಬಂದವರು, ಕಳುಹಿಸಿದವರು ಇದ್ದರೆ ದಯವಿಟ್ಟು ತಿಳಿಸಬೇಕು.

ಧಾರವಾಡದ ಅಧ್ಯಾಪಕರು

ನೀವು ಕೇಳಿರುವ ಮಾತು ಅರ್ಧ ನಿಜ, ತಂಗಿ. ಸರ್ಕಾರಿ ಸಂಸ್ಥೆಗಳ ಪ್ರಯಾಣ ಅನುದಾನಗಳು ಬಹುಮಟ್ಟಿಗೆ ಸಂಶೋಧಕರಿಗಾಗಿ ರೂಪುಗೊಂಡವು. ಅವುಗಳ ಬೆನ್ನು ಹತ್ತಿ ಇರುವ ಸಮಯವನ್ನು ಕಳೆದುಕೊಳ್ಳಬೇಡಿ. ಮೊದಲು ಕೇಳಬೇಕಾದದ್ದು ಸಮ್ಮೇಳನ ನಡೆಸುವವರನ್ನೇ. ಶುಲ್ಕ ಕಟ್ಟುವ ಮೊದಲೇ ಸಂಚಾಲಕರಿಗೆ ಪತ್ರ ಬರೆಯಿರಿ, ಏಕೆಂದರೆ ಒಮ್ಮೆ ಜಮೆಯಾದ ಹಣವನ್ನು ಹಿಂದಿರುಗಿಸಲು ಯಾವ ಲೆಕ್ಕಪತ್ರ ವಿಭಾಗವೂ ಸುಲಭವಾಗಿ ಒಪ್ಪುವುದಿಲ್ಲ. ಕೇಳುವುದರಲ್ಲಿಯೂ ಒಂದು ಕ್ರಮವಿದೆ: ಮೊದಲು ನೋಂದಣಿ ಶುಲ್ಕದ ವಿನಾಯಿತಿ, ನಂತರ ವಿದ್ಯಾರ್ಥಿನಿಲಯದಲ್ಲಿ ಒಂದು ಕೊಠಡಿ, ಕೊನೆಗೆ ಪ್ರಯಾಣದ ಖರ್ಚು. ಮೊದಲಿನ ಎರಡರಲ್ಲಿ ಅವರು ಯಾರಿಗೂ ನಗದು ಕೊಡಬೇಕಾಗಿಲ್ಲವಾದ್ದರಿಂದ ಒಪ್ಪುವ ಸಾಧ್ಯತೆ ಹೆಚ್ಚು. ಪತ್ರ ಒಂದು ಪುಟ ಮೀರದಿರಲಿ. ಪೋಸ್ಟರಿನ ಶೀರ್ಷಿಕೆ, ಒಪ್ಪಿಗೆಯ ಪ್ರತಿ, ಸ್ಲೀಪರ್ ದರ್ಜೆಯ ಲೆಕ್ಕದಲ್ಲಿ ಖರ್ಚಿನ ಅಂದಾಜು ಹಾಗೂ ಮಾರ್ಗದರ್ಶಕರ ನಾಲ್ಕು ಸಾಲಿನ ಶಿಫಾರಸು ಇದ್ದರೆ ಸಾಕು. ಬಡತನದ ವರ್ಣನೆಗಿಂತ ಕೆಲಸದ ವಿವರಕ್ಕೆ ಹೆಚ್ಚು ಜಾಗ ಕೊಡಿ.

ಹಾವೇರಿ ಜಿಲ್ಲೆಯವರು, ಈಗ ಬೆಂಗಳೂರಿನಲ್ಲಿ ಉದ್ಯೋಗಿ

ಹುಬ್ಬಳ್ಳಿಯಲ್ಲಿ ಓದುವಾಗ ನನಗೆ ಇಂಥದೇ ನೆರವು ದೊರೆತಿತ್ತು. ನಿಮ್ಮ ವಿಷಯ ಗಣಕ ವಿಜ್ಞಾನವಾದ್ದರಿಂದ, ಗಣಕ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವಾದ ಎಸಿಎಂನ ಮಹಿಳಾ ವಿಭಾಗ ಕೊಡುವ ಎಸಿಎಂ-ಡಬ್ಲ್ಯು ವಿದ್ಯಾರ್ಥಿವೇತನವನ್ನು ಅವಶ್ಯ ನೋಡಿ. ಅದು ಸಂಶೋಧನಾ ಸಮ್ಮೇಳನಗಳಿಗೆ ಹೋಗಬಯಸುವ ಹೆಣ್ಣುಮಕ್ಕಳಿಗೆ ಪದವಿ ಹಂತದಿಂದಲೇ ಲಭ್ಯವಿದ್ದು, ಪ್ರಬಂಧ ಮಂಡಿಸಲೇಬೇಕೆಂಬ ನಿಯಮವಿಲ್ಲ. ದೊಡ್ಡ ಸಮ್ಮೇಳನಗಳು ವಿದ್ಯಾರ್ಥಿ ಸ್ವಯಂಸೇವಕರನ್ನು ತೆಗೆದುಕೊಂಡು, ಕೆಲವು ಗಂಟೆಗಳ ಕೆಲಸಕ್ಕೆ ಪ್ರತಿಯಾಗಿ ಶುಲ್ಕ ಬಿಡುವುದೂ ಉಂಟು.

ಆದರೆ ಈ ನೆರವು ಮುಂಗಡವಾಗಿ ಕೈಸೇರುವುದು ಅಪರೂಪವೆಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೋಗಿಬಂದು, ಟಿಕೆಟ್, ಶುಲ್ಕದ ರಸೀದಿ, ಭಾಗವಹಿಸಿದ ಪ್ರಮಾಣಪತ್ರ ಎಲ್ಲವನ್ನೂ ಸಲ್ಲಿಸಿದ ಮೇಲೆ ಹಣ ಬರುತ್ತದೆ. ಅಲ್ಲಿಯವರೆಗೆ ಕೈಗಡ ತರಬೇಕು. ಅನುದಾನ ಸಿಕ್ಕಿಯೂ ಈ ಕೈಗಡ ಹುಟ್ಟದೆ ಹಿಂದೆ ಸರಿದವರನ್ನು ನಾನು ಬಲ್ಲೆ. ಆದ್ದರಿಂದ ಮಂಜೂರಾತಿ ಪತ್ರ ಬಂದ ಕೂಡಲೇ ಅದನ್ನು ಪ್ರಾಚಾರ್ಯರಿಗೆ ತೋರಿಸಿ, ಕಾಲೇಜಿನಿಂದಲೇ ಮುಂಗಡ ಕೇಳುವುದು ಒಳ್ಳೆಯದು. ಹಿಂದಿರುಗಿ ಬರುವ ಹಣಕ್ಕೆ ಲಿಖಿತ ಆಧಾರವಿದ್ದರೆ ಅವರಿಗೂ ಧೈರ್ಯವಿರುತ್ತದೆ. ಇನ್ನೊಂದು ಮಾತು: ವಿದೇಶಿ ಸಂಸ್ಥೆಯಿಂದ ಹಣ ಬರುವುದಾದರೆ ಐಎಫ್‌ಎಸ್‌ಸಿ ಸಂಖ್ಯೆ ಸಾಲದು, ವಿದೇಶಿ ವರ್ಗಾವಣೆಗೆ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಬೇಕು. ಊರಿನ ಸಣ್ಣ ಶಾಖೆಗಳಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಅದೇ ಬ್ಯಾಂಕಿನ ದೊಡ್ಡ ಶಾಖೆಯ ಕೋಡನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಹುಬ್ಬಳ್ಳಿಯ ರೈಲ್ವೆ ನೌಕರರೊಬ್ಬರು

ರೈಲ್ವೆಯ ವಿದ್ಯಾರ್ಥಿ ರಿಯಾಯಿತಿ ಈಗಲೂ ಇದೆ: ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 75. ಆದರೆ ಅದು ಸ್ವಂತ ಊರಿಗೆ ಹೋಗಿಬರುವುದಕ್ಕೆ ಮತ್ತು ಶೈಕ್ಷಣಿಕ ಪ್ರವಾಸಕ್ಕೆ ಎಂದು ಇರುವುದರಿಂದ, ಒಬ್ಬರೇ ಸಮ್ಮೇಳನಕ್ಕೆ ಹೊರಟರೆ ತಾನಾಗಿ ಸಿಗದು. ಕಾಲೇಜಿನಿಂದ ನಾಲ್ಕಾರು ಜನ ಹೊರಡುವುದಾದರೆ ಪ್ರಾಚಾರ್ಯರ ಪ್ರಮಾಣಪತ್ರದೊಂದಿಗೆ ಕೌಂಟರಿನಲ್ಲಿ ವಿಚಾರಿಸಿ. ವಂದೇ ಭಾರತ್‌ಗೆ ಇದು ಅನ್ವಯಿಸುವುದಿಲ್ಲ.

ಧಾರವಾಡದ ನಿವೃತ್ತ ಗಣಿತ ಪ್ರಾಧ್ಯಾಪಕರು

ಮೇಲಿನವರ ಮಾತನ್ನು ಒಪ್ಪುತ್ತಲೇ ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. ಕಳುಹಿಸಿದ ಸಾರಾಂಶವೆಲ್ಲವನ್ನೂ ಎರಡೇ ದಿನದಲ್ಲಿ ಒಪ್ಪಿಕೊಂಡು, ‘ಅಂತರರಾಷ್ಟ್ರೀಯ’ ಎಂಬ ಹಣೆಪಟ್ಟಿಯೊಂದಿಗೆ ಶುಲ್ಕದ ಬೇಡಿಕೆ ಕಳುಹಿಸುವ ಸಮ್ಮೇಳನಗಳು ಇಂದು ಬೇಕಾದಷ್ಟಿವೆ. ಒಪ್ಪಿಗೆಯೊಂದಿಗೆ ಪರಿಶೀಲಕರ ಟಿಪ್ಪಣಿ ಬಂದಿದೆಯೇ, ಸಮಿತಿಯಲ್ಲಿರುವವರು ತಮ್ಮ ಸಂಸ್ಥೆಯ ಪುಟದಲ್ಲಿ ಈ ಸಮ್ಮೇಳನವನ್ನು ಹೇಳಿಕೊಂಡಿದ್ದಾರೆಯೇ, ಹಿಂದಿನ ವರ್ಷದ ಪ್ರಬಂಧಗಳು ಎಲ್ಲಿಯಾದರೂ ಓದಲು ಸಿಗುತ್ತವೆಯೇ ಎಂಬುದನ್ನು ಮಾರ್ಗದರ್ಶಕರೊಡನೆ ಕುಳಿತು ನೋಡಿ. ಇವು ಯಾವುವೂ ಇಲ್ಲದಿದ್ದರೆ ಅನುದಾನ ಸಿಕ್ಕರೂ ಹೋಗಬೇಡಿ.

ಪದವಿ ಹಂತದವರಿಗೆ ಸಮ್ಮೇಳನಕ್ಕಿಂತ ಬೇಸಿಗೆಯ ಶಿಬಿರಗಳೇ ಹೆಚ್ಚು ಫಲಕೊಡುತ್ತವೆ ಎಂಬುದು ನನ್ನ ಅಭಿಪ್ರಾಯ. ಸಮ್ಮೇಳನದಲ್ಲಿ ಪೋಸ್ಟರಿನ ಮುಂದೆ ನಿಂತವರು ಹತ್ತು ನಿಮಿಷ ಮಾತನಾಡಿಸಿದರೆ ಅದೇ ಹೆಚ್ಚು. ಶಿಬಿರದಲ್ಲಿ ಅದೇ ವಿದ್ವಾಂಸರು ವಾರಗಟ್ಟಲೆ ಕೈಹಿಡಿದು ಕಲಿಸುತ್ತಾರೆ. ಗಣಿತದಲ್ಲಿ 1993ರಿಂದ ನಡೆದುಬಂದಿರುವ ಎಂಟಿಟಿಎಸ್ (ಗಣಿತ ತರಬೇತಿ ಮತ್ತು ಪ್ರತಿಭಾನ್ವೇಷಣೆ) ಶಿಬಿರಕ್ಕೆ ನಮ್ಮ ಭಾಗದ ವಿದ್ಯಾರ್ಥಿಗಳು ಹೆಚ್ಚಾಗಿ ಅರ್ಜಿ ಹಾಕಬೇಕು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳ ವೇತನದ ಜೊತೆಗೆ ರೈಲು ದರವನ್ನೂ ಕೊಡುತ್ತಾರೆ; ಇದನ್ನು ನಿಮ್ಮ ಕಿರಿಯರಿಗೆ ಇಂದೇ ತಿಳಿಸಿ, ಏಕೆಂದರೆ ಅರ್ಜಿ ಬೇಸಿಗೆಗೆ ಬಹಳ ಮುಂಚೆಯೇ ಮುಗಿದಿರುತ್ತದೆ. ಕೇಂದ್ರ ಸರ್ಕಾರವು ವಿಜ್ಞಾನ ಓದುವವರಿಗೆ ಕೊಡುವ ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗಂತೂ ವರ್ಷದ 80,000 ರೂಪಾಯಿಯಲ್ಲಿ 20,000 ರೂಪಾಯಿ ಬೇಸಿಗೆ ಪ್ರಾಜೆಕ್ಟಿಗೆಂದೇ ಮೀಸಲು.

ಗದಗಿನ ಕಾಲೇಜೊಂದರ ಜಿಮಖಾನಾ (ಕ್ರೀಡೆ ಮತ್ತು ವಿದ್ಯಾರ್ಥಿ ಚಟುವಟಿಕೆಗಳ ವಿಭಾಗ) ಉಪಾಧ್ಯಕ್ಷರು

ಕ್ರೀಡಾಕೂಟಕ್ಕೆ ಹೋಗುವವರಿಗೆ ನಾವು ಪ್ರತಿವರ್ಷ ಪ್ರಯಾಣಭತ್ಯೆ ಕೊಡುತ್ತೇವೆ. ಪೋಸ್ಟರ್ ಮಂಡಿಸುವವರಿಗೆ ಕೊಡಬಾರದೆಂದು ನಿಯಮವೇನೂ ಇಲ್ಲ, ಇದುವರೆಗೆ ಯಾರೂ ಕೇಳಿಲ್ಲ ಅಷ್ಟೆ. ನಿಮ್ಮ ಕಾಲೇಜಿನಲ್ಲಿಯೂ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾರ್ಚ್ ತಿಂಗಳ ಲೆಕ್ಕ ಮುಗಿಯುವ ಮೊದಲು ಕೊಟ್ಟರೆ ಉಳಿದ ಹಣದಲ್ಲಿ ಏನಾದರೂ ಹೊಂದಿಸಲು ಅವಕಾಶವಿರುತ್ತದೆ.