ತೇವದ ನೆರಳಿನಲ್ಲಿ ಸ್ಥಳೀಯ ಜರೀಗಿಡಗಳು: ಎಲೆಯಡಿಯ ಚುಕ್ಕೆ, ಮಣ್ಣು ಮತ್ತು ನೆಡುವ ಆಳ

ಪ್ರಶ್ನೆ:
ಮರಗಳ ದಟ್ಟ ನೆರಳಿನಿಂದಾಗಿ ನೇರ ಬಿಸಿಲು ಬೀಳದ, ಮಣ್ಣು ಸದಾ ತೇವವಾಗಿರುವ ಜಾಗವೊಂದು ನಮ್ಮ ಹಿತ್ತಲಿನಲ್ಲಿದ್ದು, ಅಲ್ಲಿ ಹೂಗಿಡಗಳು ಏಳಿಗೆಯಾಗುತ್ತಿಲ್ಲ. ಆದ್ದರಿಂದ ನಮ್ಮ ಸೀಮೆಯಲ್ಲಿ ಸಹಜವಾಗಿ ಬೆಳೆಯುವ ಜರೀಗಿಡಗಳನ್ನು ನೆಡಬೇಕೆಂದಿದ್ದೇನೆ. ನರ್ಸರಿಯಿಂದ ತಂದ ಸಸಿಯ ಎಲೆಗಳ ಅಡಿಯಲ್ಲಿ ಕಂದು ಚುಕ್ಕೆಗಳು ಸಾಲಾಗಿ ಕಾಣುತ್ತಿವೆ. ಇದು ರೋಗವೇ? ಮಣ್ಣನ್ನು ಹೇಗೆ ಹದಗೊಳಿಸಬೇಕು, ಸಸಿಯನ್ನು ಎಷ್ಟು ಆಳಕ್ಕೆ ನೆಡಬೇಕು?

ಉತ್ತರ 1:
ಸಾಲಾಗಿವೆ ಎಂದಾದರೆ ಗಾಬರಿ ಬೇಡ. ನರಗಳ ಜಾಡಿನಲ್ಲಿ ಸಮ ಅಂತರದಲ್ಲಿ ಮೂಡುವ ಇಂಥ ಚುಕ್ಕೆಗಳು ಬೀಜಾಣುಗಳ ಗೊಂಚಲುಗಳು. ಹೂ ಬಿಡದ ಜರೀಗಿಡಗಳು ಧೂಳಿನಷ್ಟು ಸಣ್ಣ ಈ ಬೀಜಾಣುಗಳಿಂದಲೇ ವಂಶ ಬೆಳೆಸುತ್ತವೆ. ಎಲೆಯ ರಸ ಹೀರುವ, ಚಿಪ್ಪಿನಂತೆ ಕಾಣುವ ಶಲ್ಕ ಕೀಟಗಳಾಗಿದ್ದರೆ ಅಡ್ಡಾದಿಡ್ಡಿಯಾಗಿ, ಎಲೆದಂಟಿನ ಮೇಲೂ ಅಂಟಿಕೊಂಡಿರುತ್ತಿದ್ದವು, ಎಲೆಯೂ ಹೆಚ್ಚಾಗಿ ಜಿಗುಟಾಗಿರುತ್ತಿತ್ತು. ಸುಮ್ಮನೆ ಎಣ್ಣೆಯ ಔಷಧ ಸಿಂಪಡಿಸಲು ಹೋಗಬೇಡಿ, ಹಲವು ಜರೀಗಿಡಗಳ ತೆಳು ಎಲೆಗಳು ಅದನ್ನು ತಾಳಲಾರವು.

ಉತ್ತರ 2:
ಚುಕ್ಕೆಗಳಿಗಿಂತ ‘ಸದಾ ತೇವ’ ಎಂದಿರುವುದೇ ನನಗೆ ಹೆಚ್ಚು ಯೋಚನೆಗೆ ಹಚ್ಚಿತು. ಮೊಳದುದ್ದ ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಮರುದಿನವೂ ನೀರು ಇಂಗದೆ ನಿಂತಿದ್ದರೆ ಬೇರಿಗೆ ಗಾಳಿಯಾಡದೆ ಹೆಚ್ಚಿನ ಜಾತಿಗಳು ಅಲ್ಲಿ ಕೊಳೆಯುತ್ತವೆ. ಹಾಗಿದ್ದಲ್ಲಿ ಮಣ್ಣನ್ನು ಏರಿಸಿ ಮಡಿ ಮಾಡಿ, ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ಧಾರಾಳವಾಗಿ ಬೆರೆಸಿ. ಅದು ತೇವವನ್ನು ಹಿಡಿದಿಟ್ಟುಕೊಂಡೂ ಮಣ್ಣನ್ನು ಸಡಿಲವಾಗಿಡುತ್ತದೆ. ಹಸಿ ಸಗಣಿಯೂ ಕಡು ರಾಸಾಯನಿಕ ಗೊಬ್ಬರವೂ ಬೇಡ. ಬಹುಪಾಲು ಜಾತಿಗಳಿಗೆ ತುಸು ಆಮ್ಲೀಯ ಮಣ್ಣು ಒಗ್ಗುತ್ತದೆಯಾದರೂ, ಆಡಿಯಾಂಟಮ್ ಕುಲದ ಕೆಲವು ಸುಣ್ಣಗಲ್ಲಿನ ಸಂದುಗಳಲ್ಲೇ ಸೊಂಪಾಗಿರುತ್ತವೆ. ನೆಡುವಾಗ ಆಳಕ್ಕಿಂತ ಸುಳಿಯತ್ತ ಗಮನವಿರಲಿ: ಸುರುಳಿ ಸುತ್ತಿದ ಎಳೆಯೆಲೆಗಳು ಒಂದೇ ಬುಡದಿಂದ ಹೊರಡುವ ಗಿಡವಾದರೆ ಆ ಬುಡವು ನೆಲಮಟ್ಟದಲ್ಲೇ ಇರಬೇಕು, ಹೂತುಹೋದರೆ ಕೊಳೆಯುತ್ತದೆ, ಹರಿದಾಡುವ ಕಾಂಡದ ಜಾತಿಯಾದರೆ ಕಾಂಡವನ್ನು ಮೇಲ್ಮಣ್ಣಿನಲ್ಲಿ ಅಡ್ಡಲಾಗಿರಿಸಿ, ಎಲೆಗಳ ತರಗಿನಿಂದ ತೆಳುವಾಗಿ ಮುಚ್ಚಿದರೆ ಸಾಕು.

ಉತ್ತರ 3:
ನರ್ಸರಿಯವರು ‘ಸ್ಥಳೀಯ’ ಎಂದು ಕೊಟ್ಟದ್ದನ್ನು ಹಾಗೆಯೇ ನಂಬದೆ ವೈಜ್ಞಾನಿಕ ಹೆಸರನ್ನು ಕೇಳಿ ಖಚಿತಪಡಿಸಿಕೊಳ್ಳಿ. ನೆಫ್ರೋಲೆಪಿಸ್ ಕಾರ್ಡಿಫೋಲಿಯಾದಂಥ ಜಾತಿಗಳು ಓಡುಕಾಂಡಗಳಿಂದ ಹಬ್ಬುತ್ತಾ, ತಮ್ಮದಲ್ಲದ ನೆಲದಲ್ಲಿ ಕಳೆಯಾಗಿ ಕಾಡಿರುವುದುಂಟು. ಕಾಡಿನಿಂದ ಕಿತ್ತು ತರುವುದನ್ನಂತೂ ನಾನು ಒಪ್ಪುವುದಿಲ್ಲ. ಬೀಜಾಣುಗಳಿಂದಲೇ ಸಸಿ ಮಾಡಬಹುದು, ಆದರೆ ತಾಳ್ಮೆ ಬೇಕು: ಮೊದಲು ಹುಟ್ಟುವುದು ಹೃದಯಾಕಾರದ ಪುಟ್ಟ ಹಸಿರು ಹಾಳೆ. ಅದರ ಮೇಲೆ ನೀರಿನ ತೆಳುಪದರವಿದ್ದರೆ ಮಾತ್ರ ಗಂಡುಕಣಗಳು ಈಜಿ ಅಂಡವನ್ನು ಸೇರಿ, ನಿಜವಾದ ಗಿಡ ಮೊಳೆಯುತ್ತದೆ. ಆದ್ದರಿಂದ ಕುಂಡವನ್ನು ಗಾಜಿನಿಂದ ಮುಚ್ಚಿಡಿ, ಬಿಸಿಲಿಗಿಡಬೇಡಿ.