ಸಹಿ ಹಾಕಿದವರೇ ಯುದ್ಧಕ್ಕೆ ಹೋದದ್ದು ಯಾಕೆ?

ಪ್ರಶ್ನೆ: ಇತಿಹಾಸದ ಮೇಷ್ಟ್ರು ನಾನು. 1928ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ದೇಶಗಳು "ಇನ್ನು ಯುದ್ಧ ಬೇಡ" ಅಂತ ಸಹಿ ಹಾಕಿದ್ದನ್ನ ಪಾಠ ಮಾಡ್ತಿದ್ದೆ. "11 ವರ್ಷಕ್ಕೇ ಮಹಾಯುದ್ಧ ಆಯ್ತಲ್ಲ ಸರ್, ಜಗಳ ರಕ್ತದಲ್ಲೇ ಇದೆಯಾ?" ಅಂದಳು ಒಬ್ಬಳು. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ.

ಉತ್ತರ 1: ರಕ್ತದಲ್ಲಿದ್ದಿದ್ರೆ 1914ರ ಕ್ರಿಸ್‌ಮಸ್‌ಗೆ ಬ್ರಿಟಿಷ್, ಜರ್ಮನ್ ಸಿಪಾಯಿಗಳು ಕಂದಕದಿಂದೆದ್ದು ಬಂದು ಸಿಗರೇಟು, ಕೋಟಿನ ಗುಂಡಿ ಅದಲುಬದಲು ಮಾಡ್ಕೊಳ್ತಿದ್ರಾ? ಬೈದು ನಿಲ್ಲಿಸಿದ್ದು ಮೇಲಧಿಕಾರಿಗಳು.

ಉತ್ತರ 2: ಭಯವೂ ಇದೆಯಲ್ಲ. ಅವನು ಬಂದೂಕು ಕೊಂಡ ಅಂತ ಇವನು, ಇವನು ಕೊಂಡ ಅಂತ ಅವನು ಇನ್ನೆರಡು.

ಉತ್ತರ 3: ಫ್ರಾನ್ಸ್, ಜರ್ಮನಿ ನೋಡಿ ಮೇಷ್ಟ್ರೇ. 1870, 1914, 1939, ಮೂರು ಸಲ ಬಡಿದಾಡಿದ್ರು. 1951ರಲ್ಲಿ ಕಲ್ಲಿದ್ದಲು, ಉಕ್ಕನ್ನ ಜಂಟಿ ಉಸ್ತುವಾರಿಗೆ ಒಪ್ಪಿಸಿದ್ರು. ಫಿರಂಗಿ ಎರಕ ಹೊಯ್ಯೋ ಉಕ್ಕೇ ಪಾಲಿನದ್ದಾಯ್ತು!

ಮೇಷ್ಟ್ರು: ನಾಳೆ ಮೊದಲ ಪೀರಿಯಡ್ ಉಕ್ಕಿನ ಕಥೆಯೇ.