ತುಂಗಭದ್ರೆಯ ಪುಟ್ಟ ಬಿಳಿ ಹುಳು: ಬೇಟಿಸೋ, ಸೀನಿಸೋ?

ಮಂಜುನಾಥ, ಹರಿಹರ:
ನಿನ್ನೆ ಮುಸ್ಸಂಜೆ ಹೊಳೆದಂಡೆಯಲ್ಲಿ ಫ್ಲೈ (ಕೊಕ್ಕೆಗೆ ಕಟ್ಟಿದ ನಕಲಿ ಹುಳು) ಗಾಳ ಹಾಕುತ್ತಿದ್ದೆ. ಮೀನುಗಳು ಮೇಲೆದ್ದು ಏನನ್ನೋ ನುಂಗುತ್ತಿದ್ದವು, ನನ್ನ ಕಂದು ಫ್ಲೈಯನ್ನು ಮಾತ್ರ ಒಂದೂ ಮೂಸಲಿಲ್ಲ. ಅಷ್ಟರಲ್ಲಿ ಅಂಗಿಯ ತೋಳಿನ ಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಮೇಫ್ಲೈಗಳು, ಅಂದರೆ ನೀರಿನಲ್ಲಿ ಬೆಳೆದು ರೆಕ್ಕೆ ಬಂದ ಮೇಲೆ ಅಲ್ಪಕಾಲ ಬದುಕುವ ಹುಳುಗಳು, ಬಂದು ಕುಳಿತವು. ನೋಡನೋಡುತ್ತಿದ್ದಂತೆಯೇ ಒಂದು ಹುಳುವಿನ ಬೆನ್ನು ಸೀಳಿತು. ಅದು ಪೊರೆ ಬಿಟ್ಟು ಹಾರಿಹೋಯಿತು. ಪೊರೆಯನ್ನು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ಇದು ಯಾವುದು?

ರುದ್ರೇಶ್, ದಾವಣಗೆರೆ:
ಹರಿಯುವ ನೀರು, ಸಣ್ಣ ಹುಳು ಎಂದರೆ ಬೇಟಿಸ್ ಎಂಬ ಮೇಫ್ಲೈ. ರೆಕ್ಕೆ ಬಂದ ಮೇಲೂ ಪೊರೆ ಕಳಚುವುದು ಮೇಫ್ಲೈ ಕುಲಕ್ಕೇ ಇರುವ ಗುಣ, ಅದರಿಂದ ಜಾತಿ ತಿಳಿಯುವುದಿಲ್ಲ. ಬಣ್ಣ ಹೊಂದಿಸಿ ಕಟ್ಟಿ, ಸಾಕು.

ಶಾಂತಾ, ಚಿತ್ರದುರ್ಗ:
ಬಣ್ಣವನ್ನು ನಂಬಬೇಡಿ ರುದ್ರೇಶ್ ಅವರೇ. ಪೊರೆ ಬಿಡುವ ಮೊದಲು ಮಂಕಾಗಿದ್ದ ಹುಳುವೇ ಆಮೇಲೆ ಬೇರೆ ಜಾತಿಯೇನೋ ಎನ್ನುವಂತೆ ಹೊಳೆಯುತ್ತದೆ. ಬಾಲ ಎಣಿಸಬೇಕು. ರೆಕ್ಕೆ ಬಂದ ಬೇಟಿಸ್‌ಗೆ ಎರಡು, ಸೀನಿಸ್ ಎಂಬ ಇನ್ನೊಂದು ಮೇಫ್ಲೈಗೆ ಮೂರು. ನೀರೊಳಗಿನ ಮರಿಯಲ್ಲಿ ಎಣಿಸಿದರೆ ಮೋಸಹೋಗುತ್ತೀರಿ, ಅಲ್ಲಿ ಬೇಟಿಸ್‌ಗೂ ಮೂರೇ.

ರುದ್ರೇಶ್:
ಮುಟ್ಟಿದರೆ ಬಾಲ ಮುರಿಯುತ್ತದಲ್ಲ ಅಕ್ಕ? ಹಿಂದಿನ ರೆಕ್ಕೆ ಇದೆಯೋ ಇಲ್ಲವೋ ಎಂದು ನೋಡುವುದೇ ಗಟ್ಟಿ.

ಶಾಂತಾ:
ಮುರಿಯುತ್ತದೆ, ಒಪ್ಪಿದೆ. ಆದರೆ ಸೀನಿಸ್‌ಗೆ ಹಿಂದಿನ ರೆಕ್ಕೆ ಇಲ್ಲ, ನಿಂತ ನೀರನ್ನು ಮೆಚ್ಚುವ ಕ್ಲೋಯಾನ್ ಎಂಬ ಮೇಫ್ಲೈಗೂ ಇಲ್ಲ. ರೆಕ್ಕೆಯೊಂದರಿಂದಲೇ ತೀರ್ಮಾನವಾಗದು.

ತಿಪ್ಪೇಸ್ವಾಮಿ, ಹಿರಿಯೂರು:
ಮೀನಿಗೆ ಹುಳುವಿನ ಹೆಸರು ಬೇಕಿಲ್ಲ. ವೇದಾವತಿಯಲ್ಲಿ ನಾನು ಗಾತ್ರ ನೋಡಿಯೇ ಫ್ಲೈ ಆರಿಸುತ್ತೇನೆ.

ಶಾಂತಾ:
ಹೆಸರು ತಿಳಿದರೆ ನಡತೆ ತಿಳಿಯುತ್ತದೆ ಅಣ್ಣ. ಬೇಟಿಸ್ ಮರಿಯ ಪೊರೆಯಿಂದ ಹೊರಬಂದು ರೆಕ್ಕೆ ಎತ್ತಿಕೊಂಡು ನೀರಿನ ಮೇಲೆ ತೇಲುತ್ತದೆ. ಸೀನಿಸ್ ಕೆಲವೇ ನಿಮಿಷಗಳಲ್ಲಿ ಪೊರೆ ಕಳಚಿ, ಕೂಡಿ, ರೆಕ್ಕೆ ಚಾಚಿಕೊಂಡು ನೀರಿಗೆ ಬೀಳುತ್ತದೆ. ರೆಕ್ಕೆ ಎತ್ತಿ ಕಟ್ಟಬೇಕೋ, ಮಲಗಿಸಿ ಕಟ್ಟಬೇಕೋ ಎನ್ನುವುದು ಇದರಿಂದಲೇ ಗೊತ್ತಾಗುವುದು. ಇಂಗ್ಲೆಂಡಿನವರು ಸೀನಿಸ್ ಅನ್ನು ‘ಗಾಳಗಾರನ ಶಾಪ’ ಎಂದು ಕರೆದದ್ದು ಸುಮ್ಮನಲ್ಲ. ಸಾವಿರಗಟ್ಟಲೆ ಬಿದ್ದಾಗ ಮೀನು ಬೇರೇನನ್ನೂ ಮುಟ್ಟುವುದಿಲ್ಲ. ಮಂಜುನಾಥ್, ಆ ಪೊರೆಯಲ್ಲಿ ಬಾಲದ ಪೊರೆಯೂ ಉಳಿದಿರುತ್ತದೆ, ನೋಡಿ.

ಮಂಜುನಾಥ:
ಭೂತಗನ್ನಡಿ ಹಿಡಿದು ನೋಡಿದೆ. ಮೂರು ಎಳೆ, ಮೈಗಿಂತ ಉದ್ದ. ಹಿಂದಿನ ರೆಕ್ಕೆಯ ಗುರುತಿಲ್ಲ.

ರುದ್ರೇಶ್:
ಹಾಗಾದರೆ ಸೀನಿಸ್. ನನ್ನ ಊಹೆ ತಪ್ಪು.

ಮಂಜುನಾಥ:
ನನ್ನ ಬಳಿ ಇರುವ ಅತಿ ಸಣ್ಣ ಕೊಕ್ಕೆ 16ರದ್ದು.

ತಿಪ್ಪೇಸ್ವಾಮಿ:
ಅದು ದೊಡ್ಡದಾಯಿತು, ಕೊಕ್ಕೆಯ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಚಿಕ್ಕದು. ನನ್ನಲ್ಲಿ 22ರವು ಇವೆ, ರೆಕ್ಕೆ ಮಲಗಿಸಿ ನಾಲ್ಕು ಕಟ್ಟಿ ಭಾನುವಾರ ತರುತ್ತೇನೆ. ಬೆಂಕಿಪೊಟ್ಟಣ ಮರೆಯಬೇಡಿ, ಆ ಬಾಲಗಳನ್ನು ನಾನೂ ಎಣಿಸಬೇಕು.